ಕೀಲಿ ಹಾಕಿದ ಮನೆಯ ಮುಂದೆ ಹಂಚಿದ ಉಂಡಿ

ಭಾನುವಾರ, ಜನವರಿ ೭, ೨೦೨೪, ಬೆಳಿಗ್ಗೆ ಹತ್ತೂವರೆ ಗಂಟೆ. ಬಾಗಲಕೋಟೆಯ ನವನಗರ. ನನ್ನ ದಿನಚರಿಯಲ್ಲಿ ಆ ದಿನದ ಪುಟ ಹೀಗಿದೆ: "ಮನೆತನದ ಬಳಗಕ್ಕೆ ಮೊದಲ ಸಲ ಹೋದೆ. ಬಂದವರು ಹದಿನಾಲ್ಕು ಮಂದಿ. ನನಗಿಂತ ಚಿಕ್ಕವರು ಯಾರೂ ಇಲ್ಲ. ತಿಂದ ಮಿರ್ಚಿ ಭಜಿ ಎರಡು. ಮುಂದಿನ ಸಲ ಹೋಗಬೇಕೋ ಬೇಡವೋ, ನೋಡೋಣ."

ಹೋದೆ. ಅಲ್ಲಿಂದ ಇಲ್ಲಿಯವರೆಗೆ ಒಂದು ಸಭೆಯನ್ನೂ ತಪ್ಪಿಸಿಲ್ಲ.

ನಾನು ನವನಗರದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ರಕ್ತದ ಸೀಸೆಗಳಿಗೆ ಚೀಟಿ ಅಂಟಿಸುವುದು, ಯಾವುದು ಯಾರದೆಂದು ಬರೆದಿಡುವುದು, ಒಂದರ ಚೀಟಿ ಇನ್ನೊಂದಕ್ಕೆ ಹೋಗದಂತೆ ನೋಡಿಕೊಳ್ಳುವುದು. ವಾರವಿಡೀ ಇಲ್ಲಿ ಬಾಡಿಗೆ ಕೋಣೆ, ಶನಿವಾರ ಸಂಜೆಯ ಬಸ್ಸಿಗೆ ಇಳಕಲ್ಲಿನ ಮನೆ. ಕೆಲಸದ ಗುಣವೋ ಏನೋ, ಎಲ್ಲದಕ್ಕೂ ತಾರೀಖು ಹಾಕುವ ಚಟ ನನಗೆ ಮೊದಲಿನಿಂದ ಇದೆ. ಮನೆಯಲ್ಲಿ ಉಪ್ಪಿನಕಾಯಿ ಭರಣಿಗೂ ಚೀಟಿ ಅಂಟಿಸಿದ್ದೇನೆಂದು ಅವ್ವ ಇವತ್ತಿಗೂ ಆಡಿಕೊಳ್ಳುತ್ತಾಳೆ.

ಬಳಗ ಹುಟ್ಟಿದ ಕತೆ ನಾನು ಕೇಳಿ ತಿಳಿದದ್ದು. ಆಣೆಕಟ್ಟಿನ ಹಿನ್ನೀರು ಹಳೆಯ ಊರಿನ ಓಣಿಗಳಿಗೆ ಬಂದಾಗ ಒಂದೇ ಗೋಡೆ ಹಂಚಿಕೊಂಡಿದ್ದ ಮನೆಯವರು ನವನಗರದ ಬೇರೆ ಬೇರೆ ಸೆಕ್ಟರಿಗೆ ಚದುರಿದರು. ಅವರಲ್ಲಿ ಕೆಲವರು ಭಾನುವಾರ ಕೂಡಿ, ಮುಳುಗಿದ ತಮ್ಮ ಓಣಿಯನ್ನು ನೆನಪಿನಿಂದ ಹಾಳೆಯ ಮೇಲೆ ಬರೆಯತೊಡಗಿದರು. ಇಲ್ಲಿ ಬಾವಿ, ಇಲ್ಲಿ ಹಿಟ್ಟಿನ ಗಿರಣಿ, ಇದು ಇಂಥವರ ಮನೆ. ಇಂಥವರು ಯಾರ ಮಗ, ಅವನ ಹೆಂಡತಿ ಯಾವ ಊರಿನವಳು ಎಂಬ ಮಾತು ಬಂದೇ ಬರುತ್ತದಲ್ಲ. ಓಣಿಯ ನಕ್ಷೆ ಮುಗಿಯುವ ಹೊತ್ತಿಗೆ ಅದು ಮನೆತನಗಳ ಬಳಗವಾಗಿತ್ತು. ಈಗ ಬಾದಾಮಿ, ಹುನಗುಂದ, ಇಳಕಲ್ಲಿನಿಂದಲೂ ಜನ ಬರುತ್ತಾರೆ. ತಿಂಗಳ ಮೊದಲ ಭಾನುವಾರ ಸಭೆ, ಆಗಾಗ ಬೇರೆ ಊರಿನಲ್ಲಿ.

ಬಳಗವನ್ನು ನಡೆಸುವವರು ನಿವೃತ್ತ ಮುಖ್ಯಾಧ್ಯಾಪಕಿ. ಅರವತ್ತೆಂಟರ ಆಸುಪಾಸು. ನಾವೆಲ್ಲ ಅಕ್ಕೋರು ಎನ್ನುತ್ತೇವೆ. ಅವರದೊಂದು ಶಿಸ್ತಿದೆ. ಕಾಗದ ಪತ್ರವಿದ್ದರೆ, ಇಲ್ಲವೆ ಇಬ್ಬರು ಬೇರೆ ಬೇರೆಯಾಗಿ ಒಂದೇ ಮಾತು ಹೇಳಿದರೆ ಮಾತ್ರ ನೀಲಿ ಶಾಯಿ. ಒಬ್ಬರಿಂದ ಕೇಳಿದ್ದು ಹಸಿರು ಶಾಯಿ. ನಮ್ಮ ಊಹೆ ಪೆನ್ಸಿಲ್. ಯಾರ ಹಾಳೆ ನೋಡಿದರೂ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ನನ್ನಂಥವಳಿಗೆ ಅಲ್ಲೇ ಮನಸ್ಸು ಬಿದ್ದುಹೋಯಿತು.

ಮೊದಲ ದಿನ ನಮ್ಮ ಮನೆತನದ ಹಾಳೆಯನ್ನು ಹೆಮ್ಮೆಯಿಂದ ಹಾಸಿದ್ದೆ. ಅದರಲ್ಲಿ ನಲವತ್ತೆರಡು ಹೆಸರು, ಬಹುಪಾಲು ನೀಲಿ. ಅಕ್ಕೋರು ಕನ್ನಡಕ ಏರಿಸಿಕೊಂಡು ಮೇಲಿನಿಂದ ಕೆಳಗೆ ನೋಡಿದರು.

"ಈ ಗಂಡಸರೆಲ್ಲಾ ಗಿಡದಿಂದ ಉದುರ್ಯಾರೇನು?"

ಎಣಿಸಿದೆ. ಹೆಂಗಸರು ಏಳು ಮಂದಿ. ಅವರಲ್ಲಿ ತವರೂರು ಬರೆದದ್ದು ಇಬ್ಬರಿಗೆ. ಪಕ್ಕದಲ್ಲಿ ಕುಳಿತಿದ್ದ ಹುನಗುಂದದ ಕಾಳಿನ ವ್ಯಾಪಾರಿ, ಎಲ್ಲರ ಬಾಯಲ್ಲಿ ಸಾವಕಾರ್ರು, ತಮ್ಮ ಮೊದಲ ಹಾಳೆಯಲ್ಲಿ ಅದೂ ಇರಲಿಲ್ಲವೆಂದು ಹೇಳಿ ನನ್ನ ತಟ್ಟೆಗೆ ಎರಡನೆಯ ಮಿರ್ಚಿ ಇಟ್ಟರು.

ಫೆಬ್ರವರಿಯ ಒಂದು ಶನಿವಾರ ಇಳಕಲ್ಲಿನ ಮನೆಯ ಪಡಸಾಲೆಯಲ್ಲಿ ಹೊಸ ಹಾಳೆ ಹಾಸಿಕೊಂಡು ಹೆಂಗಸರನ್ನು ತುಂಬತೊಡಗಿದೆ. ಅವ್ವನ ತವರು, ಅಪ್ಪನ ತಮ್ಮಂದಿರ ಹೆಂಡಿರಾದ ಕಾಕುಗಳ ತವರು, ಮುತ್ತಜ್ಜಿಯ ತವರು. ಎದುರಿಗೆ ಆಯಿ ಕಾಲು ಚಾಚಿಕೊಂಡು ಶೇಂಗಾ ಬಿಡಿಸುತ್ತಿದ್ದಳು. ಆಯಿ ಎಂದರೆ ನನ್ನ ಅಪ್ಪನ ತಾಯಿ. ಎಪ್ಪತ್ತೈದು ದಾಟಿದೆ. ನಗಿಸುವುದರಲ್ಲಿ ಅವಳನ್ನು ಮೀರಿಸುವವರು ನಮ್ಮ ಓಣಿಯಲ್ಲಿಲ್ಲ. ಅಕ್ಷರ ಓದಲು ಈಗ ಕಣ್ಣು ಸಾಲದು. ತನ್ನ ವೃತ್ತ ಯಾವುದು ಎಂದು ಕೇಳಿದಳು. ತೋರಿಸಿದೆ. ಅದರ ಮೇಲೆ ಬೆರಳಿಟ್ಟು, ಅಲ್ಲಿಂದ ಮೇಲಕ್ಕೆ ಒಂದು ಗೆರೆ ಎಳೆದಳು. ಬೆರಳು ಖಾಲಿ ಜಾಗಕ್ಕೆ ಹೋಗಿ ನಿಂತಿತು.

"ಇಲ್ಲಿ ನಮ್ಮ ಅಪ್ಪ ಅದಾನ. ನಮ್ಮ ಅವ್ವ ಎಲ್ಲದಾಳ?"

ನನಗೆ ಗೊತ್ತಿದ್ದದ್ದು ಇಷ್ಟೇ. ಆಯಿಯ ತಾಯಿ ಬಾಣಂತನದಲ್ಲಿಯೇ ತೀರಿಕೊಂಡಳು. ಕಮತಗಿಯಲ್ಲಿ ನೇಕಾರನಾಗಿದ್ದ ತಂದೆ ಮತ್ತೊಂದು ಮದುವೆಯಾದ. ಆಯಿಗೆ ಮೂರು ವರ್ಷವಾದಾಗ ಮಗ್ಗದ ಕೆಲಸ ಹುಡುಕಿಕೊಂಡು ಇಳಕಲ್ಲಿಗೆ ಬಂದ. ಮಲತಾಯಿ ಹೊಟ್ಟೆಯ ಮಗಳಂತೆಯೇ ನೋಡಿಕೊಂಡಳು. ಆದರೆ ಆ ಮನೆಯಲ್ಲಿ ಮೊದಲನೆಯವಳ ಮಾತು ಬರುತ್ತಿರಲಿಲ್ಲ. ಕೇಳುವಷ್ಟು ಆಯಿ ದೊಡ್ಡವಳಾಗುವುದರೊಳಗೆ ತಂದೆಯೂ ಇರಲಿಲ್ಲ. ತಾಯಿಯ ಹೆಸರೇನು, ಯಾವ ಊರಿನವಳು, ಅವಳಿಗೆ ಅಣ್ಣ ತಮ್ಮಂದಿರಿದ್ದರೋ ಇಲ್ಲವೋ, ಏನೂ ತಿಳಿಯದು. ಆಯಿಯ ಮದುವೆಯಲ್ಲಿ ಸೋದರಮಾವ ನಿಲ್ಲಬೇಕಾದ ಜಾಗದಲ್ಲಿ ಪಕ್ಕದ ಮನೆಯವರೊಬ್ಬರು ನಿಂತಿದ್ದರಂತೆ.

ಇದನ್ನು ಆಯಿ ಯಾವಾಗಲೂ ನಗುತ್ತಲೇ ಹೇಳುತ್ತಿದ್ದಳು. ಆವತ್ತು ನಗಲಿಲ್ಲ. ಶೇಂಗಾ ಸಿಪ್ಪೆಯನ್ನು ಮಡಿಲಿನಿಂದ ಜಾಡಿಸಿ ಮೆಲ್ಲಗೆ ಹೇಳಿದಳು:

"ನನಗ ಎಲ್ಲಾರೂ ಉಡಿ ತುಂಬ್ಯಾರ, ಯವ್ವಾ. ನಮ್ಮ ಅವ್ವನ ತವರಿನವ್ರಷ್ಟ ತುಂಬಿಲ್ಲ. ಆ ಮನಿ ಯಾವುದು ಅಂತ ಗೊತ್ತಾದ್ರ, ಅದರ ಕಟ್ಟಿ ಮ್ಯಾಲ ಕುಂತು ಒಂದು ತಂಬಿಗಿ ನೀರು ಕುಡದು ಬರ್ತಿದ್ದೆ. ಮತ್ತೇನೂ ಬ್ಯಾಡ."

ಆಮೇಲೆ, ಲ್ಯಾಬಿನಲ್ಲಿ ಇಷ್ಟೊಂದು ರಕ್ತ ನೋಡುತ್ತೀಯಲ್ಲ, ನನ್ನದೊಂದು ತೊಟ್ಟು ನೋಡಿ ಊರು ಹೇಳಲು ಬರುವುದಿಲ್ಲವೇ ಎಂದು ಮತ್ತೆ ತಮಾಷೆಗೆ ಇಳಿದಳು. ನಾನು ದಿನಚರಿಯಲ್ಲಿ ಬರೆದುಕೊಂಡೆ: "ಆಯಿಯ ಅವ್ವನ ತವರು. ಪಂಚಮಿಯೊಳಗೆ." ಪಂಚಮಿ ಎಂದು ಯಾಕೆ ಬರೆದೆನೋ. ನಮ್ಮ ಕಡೆ ಕೊಟ್ಟ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ ನಾಗರ ಪಂಚಮಿ, ಅದಕ್ಕೇ ಇರಬೇಕು.

ಮಾರ್ಚ್ ತಿಂಗಳ ಸಭೆಯಲ್ಲಿ ಆಯಿಯ ಹಾಳೆ ಇಟ್ಟೆ. ಆಯಿ ಇಳಕಲ್ಲಿನಲ್ಲಿ ಎರಡು ವರ್ಷ ಶಾಲೆಗೆ ಹೋಗಿದ್ದಳು. ಆ ಶಾಲೆಯ ದಾಖಲೆಯಲ್ಲಿ ಹುಟ್ಟಿದೂರು ಕಮತಗಿ ಎಂದಿತ್ತು. ಕಾಗದ ಇದ್ದ ಮೇಲೆ ಇನ್ನೇನು, "ಹುಟ್ಟಿದ್ದು: ಕಮತಗಿ" ಎಂದು ನೀಲಿಯಲ್ಲಿ ಬರೆದಿದ್ದೆ. ಅಕ್ಕೋರು ಅದನ್ನು ಓದಿ, ತುಸು ಹೊತ್ತು ಕೈಯಲ್ಲಿಯೇ ಹಿಡಿದಿದ್ದು, ಸರಿ ಎಂದು ಮರಳಿ ಕೊಟ್ಟರು.

ಹುಡುಕಾಟ ಕಮತಗಿಯಿಂದ ಶುರುವಾಯಿತು. ಸಾವಕಾರ್ರು ತಮ್ಮ ಕಾರಿನಲ್ಲಿ ಬಂದರು. ಬರಬೇಡಿ, ನಾನು ಬಸ್ಸಿಗೆ ಹೋಗುತ್ತೇನೆ ಎಂದರೆ, ಕಾಳಿನ ವ್ಯಾಪಾರದಲ್ಲಿ ಇಷ್ಟು ವರ್ಷ ತೂಕ ನೋಡಿದ್ದಾಯಿತು, ಈಗ ಜನರನ್ನು ನೋಡುತ್ತೇನೆ ಎಂದರು. ಮೂರು ಓಣಿ ತಿರುಗಿದೆವು. ಒಂದೇ ಪ್ರಶ್ನೆಯನ್ನು ನಾನು ನೇರವಾಗಿ ಕೇಳುತ್ತಿದ್ದೆ, ಅವರು ಸುತ್ತು ಬಳಸಿ ಕೇಳುತ್ತಿದ್ದರು. ನನಗೆ ನೀರು ಸಿಗುತ್ತಿತ್ತು, ಅವರಿಗೆ ಚಹಾ. ಕೊನೆಗೆ ಮುದುಕರೊಬ್ಬರು ಆಯಿಯ ತಂದೆಯ ಮನೆ ಇದ್ದ ಜಾಗ ತೋರಿಸಿದರು. ಮನೆ ಹೊಸದಾಗಿ ಕಟ್ಟಿದ್ದು, ಬೇರೆಯವರದು. ಬೀದಿಯ ಕಡೆಯ ಹಳೆಯ ಕಟ್ಟೆ ಮಾತ್ರ ಹಾಗೆಯೇ ಉಳಿದಿತ್ತು. ಅದರ ಮೂಲೆಯಲ್ಲಿ ಒಂದು ಒಳಕಲ್ಲನ್ನು ಹುಗಿದಿದ್ದರು. ಆ ಒರಳಿನ ಗುಂಡಿಯಲ್ಲಿ ಕೋಳಿಗಳಿಗೆ ನೀರು ಹಾಕಿಟ್ಟಿದ್ದರು. ಸುಮ್ಮನೆ ಒಂದು ಫೋಟೋ ತೆಗೆದೆ. ಮೊದಲ ಹೆಂಡತಿ ಯಾವ ಊರಿನವಳೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬರುವಾಗ ಅಮೀನಗಡದಲ್ಲಿ ಕರದಂಟು ಕೊಂಡು ತಿನ್ನುತ್ತ ಬಂದೆವು. ಆ ದಿನದ ಲೆಕ್ಕ: ತಟ್ಟಿದ ಬಾಗಿಲು ಹತ್ತೊಂಬತ್ತು, ತಿಳಿದದ್ದು ಒಂದು ಕಟ್ಟೆ.

ಏಪ್ರಿಲ್‌ನಲ್ಲಿ ಸಾವಕಾರ್ರ ಮನೆಗೆ ಹೆಳವರು ಬಂದಿದ್ದರು. ಮನೆಮನೆಯ ವಂಶಾವಳಿ ಹೇಳಿ ಕಾಳುಕಡಿ ಪಡೆಯುವವರು. ನನ್ನನ್ನೂ ಕರೆಸಿದರು. ಅವರು ಎತ್ತನ್ನು ಅಂಗಳದಲ್ಲಿ ಕಟ್ಟಿ, ಸಾವಕಾರ್ರ ಏಳು ತಲೆಮಾರನ್ನು ರಾಗವಾಗಿ ಹೇಳಿದ ಚೆಂದಕ್ಕೆ ನಾನು ಬರೆದುಕೊಳ್ಳುವುದನ್ನೇ ಮರೆತೆ. ಆದರೆ ಅವರು ಹೇಳುವುದು ಯಾರ ಬಾಗಿಲಲ್ಲಿ ನಿಂತಿರುತ್ತಾರೋ ಆ ಮನೆಯ ಕತೆ. ಆಯಿಯ ತಾಯಿಯ ಬಾಗಿಲು ಯಾವುದೆಂದು ನನಗೆ ಗೊತ್ತಿದ್ದರೆ ತಾನೇ.

ಇಷ್ಟಾದರೂ ಆ ತಿಂಗಳುಗಳನ್ನು ನೆನೆದರೆ ಬೇಸರವೆನಿಸುವುದಿಲ್ಲ. ಬಳಗ ಸೇರಿದರೆ ಏನು ಸಿಗುತ್ತದೆ ಎಂದು ಲ್ಯಾಬಿನ ಗೆಳತಿಯರು ಕೇಳುತ್ತಾರೆ. ನನ್ನ ಕೆಲಸಕ್ಕೆ ಬೇರೊಬ್ಬರ ಕಾಲು ಸವೆಯುತ್ತದೆ, ಅದು ಮೊದಲು. ಬೇವೂರಿನ ರೈತರೊಬ್ಬರು ಸಂತೆಗೆ ಹೋದಲ್ಲೆಲ್ಲ ನನ್ನ ಆಯಿಯ ತಾಯಿಯ ಸುದ್ದಿ ಕೇಳಿಕೊಂಡು ಬರುತ್ತಿದ್ದರು. ಅವರ ಮುತ್ತಜ್ಜ ಯಾವ ಊರು ಬಿಟ್ಟು ಬಂದರೆಂದು ನಾನು ತಾಲೂಕು ಕಚೇರಿಯಲ್ಲಿ ಹುಡುಕುತ್ತಿದ್ದೆ. ಅದು ಸಿಕ್ಕ ದಿನ ಅವರು ಒಂದು ಚೀಲ ಹಸಿ ಶೇಂಗಾ ತಂದು ಸಭೆಗೆಲ್ಲ ಹಂಚಿದರು. ಇನ್ನೊಂದು ಲಾಭ ಮನೆಯೊಳಗಿನದು. ಶನಿವಾರ ಊರಿಗೆ ಹೋದರೆ ಮೊಬೈಲು ನೋಡುತ್ತ ಮಲಗುತ್ತಿದ್ದವಳು ಈಗ ಅವ್ವನ ಜೊತೆ ರೊಟ್ಟಿ ಬಡಿಯಲು ಕೂರುತ್ತೇನೆ. ರೊಟ್ಟಿ ದುಂಡಗಾಗುವುದಿಲ್ಲ. ಆದರೆ ತಟ್ಟುವಾಗ ಅವ್ವ ಆಡುವ ಮಾತು ಬೇರೆ ಹೊತ್ತಿನಲ್ಲಿ ಆಡುವುದಿಲ್ಲ ಎಂದು ಗೊತ್ತಾಗಿದೆ. ನನ್ನ ಹಾಳೆಯಲ್ಲಿ ಹೆಂಗಸರ ಸಂಖ್ಯೆ ಏಳರಿಂದ ಮೂವತ್ತೊಂದಕ್ಕೆ ಏರಿದ್ದು ಹಂಚಿನ ಮುಂದೆ.

ಮೂರನೆಯ ಲಾಭ ಜೂನ್ ತಿಂಗಳಲ್ಲಿ ತಿಳಿಯಿತು. ನಮಗೆ ತೋಚದ ಪ್ರಶ್ನೆಯನ್ನು ಇನ್ನೊಬ್ಬರು ಕೇಳುತ್ತಾರೆ.

ಆ ತಿಂಗಳ ಸಭೆ ಬಾದಾಮಿಯಲ್ಲಿ, ಹೊಂಡದ ದಂಡೆಯ ಮೆಟ್ಟಿಲ ಮೇಲೆ. ಒಂದು ಮಂಗ ಬಂದು ಸಾವಕಾರ್ರ ಗಿರ್ಮಿಟ್ ಪೊಟ್ಟಣ ಕಸಿದುಕೊಂಡು ಹೋಗಿ ಗೋಡೆಯ ಮೇಲೆ ಕುಳಿತು ಅವರನ್ನೇ ನೋಡುತ್ತ ತಿಂದಿತು. ಇದರ ಮನೆತನವನ್ನೂ ಬರೆದುಕೋ, ನಮ್ಮ ಕಡೆಯವರೇ ಇರಬೇಕು ಎಂದರು ಸಾವಕಾರ್ರು. ನಗು ನಿಂತ ಮೇಲೆ ನನ್ನ ಸರದಿ ಬಂತು. ಆಯಿಯ ಹಾಳೆಯನ್ನು ಓದಿದೆ. ಹುಟ್ಟಿದ್ದು ಕಮತಗಿ, ಮೊದಲ ಮಗು, ತಾಯಿ ಬಾಣಂತನದಲ್ಲಿ ತೀರಿದ್ದು. ಅಕ್ಕೋರು ಕೈ ಎತ್ತಿ ತಡೆದರು.

"ಇನ್ನೊಮ್ಮೆ ಓದು. ಚೊಚ್ಚಲ ಮಗಳೇನು?"

ಹೌದೆಂದೆ.

"ಚೊಚ್ಚಲ ಹೆರಿಗಿ ಗಂಡನ ಮನ್ಯಾಗ ಯಾರ ಮಾಡ್ತಾರ?"

ಯಾರೂ ಮಾಡುವುದಿಲ್ಲ. ಏಳು ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಿ ಮಗಳನ್ನು ತವರಿಗೆ ಕರೆದೊಯ್ಯುತ್ತಾರೆ. ಹೆರಿಗೆ ಅಲ್ಲೇ, ತೊಟ್ಟಿಲೂ ಅಲ್ಲೇ. ನಾನು ಹುಟ್ಟಿದ್ದೂ ಹಾಗೆಯೇ, ಅಪ್ಪನ ಊರಲ್ಲಲ್ಲ. ಇದನ್ನು ತಿಳಿಯದವರು ಇಡೀ ಜಿಲ್ಲೆಯಲ್ಲಿಲ್ಲ. ಆದರೂ ಶಾಲೆಯ ಕಾಗದವನ್ನು ನಂಬಿ, ಎಲ್ಲರೂ ಬಲ್ಲ ರೂಢಿಯನ್ನು ಬದಿಗಿಟ್ಟು ನಾಲ್ಕು ತಿಂಗಳು ಕಮತಗಿಯನ್ನೇ ಅಗೆದಿದ್ದೆವು. ಶಾಲೆಗೆ ಸೇರಿಸುವಾಗ ತಂದೆ ತನ್ನ ಊರನ್ನೇ ಹೇಳಿರಬೇಕು. ಎಲ್ಲರ ತಂದೆಯರೂ ಹೇಳುವುದು ಅದನ್ನೇ. ಆಯಿ ಹುಟ್ಟಿದ ಊರು ಮತ್ತು ಆಯಿಯ ತಾಯಿಯ ಊರು ಎರಡಲ್ಲ, ಒಂದೇ.

ನೀಲಿಯನ್ನು ಹೊಡೆದು ಹಾಕಿ ಪೆನ್ಸಿಲ್‌ನಲ್ಲಿ "ಹುಟ್ಟಿದ್ದು: ತಾಯಿಯ ತವರು" ಎಂದು ಬರೆದೆ. ತಲೆ ಎತ್ತಿದರೆ ಅಕ್ಕೋರು ಹೊಂಡದ ನೀರನ್ನು ನೋಡುತ್ತಿದ್ದರು. ಮುಂದಿನ ಸಭೆ ಇಳಕಲ್ಲಿನಲ್ಲಿ ನಿಮ್ಮ ಮನೆಯಲ್ಲೇ ಇರಲಿ, ಆಯಿ ಇರಲಿ ಎಂದಷ್ಟೇ ಹೇಳಿ, ಚಹಾ ಕುಡಿಯದೆ ಬಸ್ಸಿಗೆ ಹೋದರು. ಅಕ್ಕೋರು ಚಹಾ ಬಿಟ್ಟದ್ದು ನಾನು ಕಂಡ ಮಟ್ಟಿಗೆ ಅದೊಂದೇ ಸಲ. ಅದನ್ನೂ ಬರೆದುಕೊಂಡಿದ್ದೇನೆ.

ಜುಲೈ ೭, ಭಾನುವಾರ. ನಮ್ಮ ಮನೆಯ ಮಾಳಿಗೆಯ ಕೋಣೆ. ಆಯಿ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, ಮದುವೆ ಮನೆಯ ಹಿರಿಯಳಂತೆ ನಡುವೆ ಕುಳಿತಿದ್ದಳು. ಇಷ್ಟು ಜನ ತನ್ನ ಮಾತು ಕೇಳಲೆಂದೇ ಬಂದಿದ್ದಾರೆ ಎಂಬುದು ಅವಳಿಗೆ ಬಲು ಖುಷಿ. ಅಕ್ಕೋರು ಮಾತ್ರ ದೂರದ ಗೋಡೆಗೆ ಒರಗಿದ್ದರು. ನಿಮಗೆ ನೆನಪಿರುವುದನ್ನೆಲ್ಲ ಹೇಳಿರಿ, ಸಣ್ಣದಾದರೂ ಸರಿ ಎಂದು ಸಾವಕಾರ್ರು ಶುರು ಮಾಡಿಸಿದರು. ಆಯಿ ಮೊದಲು ತನ್ನ ಮದುವೆಯಲ್ಲಿ ಹೋಳಿಗೆ ಕಡಿಮೆ ಬಿದ್ದ ಕತೆ ಹೇಳಿದಳು. ಆಮೇಲೆ ಉಂಡಿಯ ಕತೆಗೆ ಬಂದಳು. ಅದನ್ನು ನಾನು ಚಿಕ್ಕವಳಿದ್ದಾಗಿನಿಂದ ಕೇಳಿದ್ದೇನೆ. ನಮ್ಮ ಮನೆಯಲ್ಲಿ ಅದು ನಗುವ ಕತೆ.

ಆಯಿಯ ತಂದೆ ಮನೆಯವರನ್ನೆಲ್ಲ ಕಟ್ಟಿಕೊಂಡು ಕಮತಗಿ ಬಿಟ್ಟದ್ದು ಪಂಚಮಿಗೆ ಒಂದು ವಾರ ಮೊದಲು. ಹಬ್ಬದ ಹೊತ್ತಿಗೆ ಅಲ್ಲಿಯ ಮನೆಗೆ ಕೀಲಿ ಬಿದ್ದಿತ್ತು. ಆಗ ಯಾವನೋ ಒಬ್ಬ ಚಕ್ಕಡಿ ಕಟ್ಟಿಕೊಂಡು ಬಂದನಂತೆ. ಬಾಗಿಲು ಬಡಿದನಂತೆ. ಕೂಗಿದನಂತೆ. ಯಾರೂ ಇಲ್ಲ. ತಂದಿದ್ದ ಡಬ್ಬಿಯನ್ನು ಬಿಚ್ಚಿ, ಓಣಿಯ ಹುಡುಗರನ್ನೆಲ್ಲ ಕರೆದು ಕಟ್ಟೆಯ ಮೇಲೆ ಕೂರಿಸಿ ಒಂದೊಂದು ಉಂಡಿ ಕೊಟ್ಟು, ಡಬ್ಬಿ ಖಾಲಿ ಮಾಡಿಕೊಂಡು ಹೋದನಂತೆ. ಕೆಲವು ವರ್ಷದ ಮೇಲೆ, ತಂದೆ ತೀರಿದ ನಂತರ, ಕಮತಗಿಯ ನೆರೆಯವಳೊಬ್ಬಳು ಇಳಕಲ್ಲಿಗೆ ಬಂದಾಗ ಹೇಳಿದ ಸುದ್ದಿ ಇದು. ಹರಕೆ ಹೊತ್ತವನಿರಬೇಕು, ಇಲ್ಲವೆ ತಲೆ ಸರಿಯಿಲ್ಲದವನಿರಬೇಕು ಎಂದು ಮನೆಯಲ್ಲಿ ನಕ್ಕರಂತೆ.

"ಕೀಲಿಗೆ ಉಂಡಿ ತಿನಿಸಾಕ ಬಂದಿದ್ದ, ನೋಡ್ರಿ" ಎಂದು ಆಯಿ ಮುಗಿಸಿದಳು. ಎಲ್ಲರೂ ನಕ್ಕರು.

ಅಕ್ಕೋರು ನಗಲಿಲ್ಲ. ತಮ್ಮ ಚೀಲದಿಂದ ಒಂದು ಕಾಗದದ ತುಣುಕು ತೆಗೆದು, ಎರಡು ಪದ ಬರೆದು, ಮಡಿಚಿ ಸಾವಕಾರ್ರ ಕೈಗಿಟ್ಟರು. ನಾನು ಹೇಳುವವರೆಗೆ ಬಿಚ್ಚಬೇಡಿ ಎಂದರು. ಎದ್ದು ಬಂದು ಆಯಿಯ ಎದುರಿಗೆ ಕುಳಿತರು. ಶಾಲೆಯಲ್ಲಿ ಮಕ್ಕಳನ್ನು ಕೇಳುವ ದನಿಯಲ್ಲಿ ಕೇಳಲು ನೋಡಿದರು. ದನಿ ಅಷ್ಟು ಗಟ್ಟಿಯಾಗಿರಲಿಲ್ಲ.

"ಆಯೀರ, ಉಂಡಿ ಹಂಚಿ ಹೋದ. ಹೋಗೂವಾಗ ಕೀಲಿಗೆ ಏನರ ಕಟ್ಟಿ ಹೋಗಿದ್ದನೇನ್ರಿ?"

ಆಯಿ ಅವರ ಮುಖವನ್ನೇ ನೋಡಿದಳು. ಈ ಮಾತನ್ನು ಅವಳು ನಮಗೂ ಎಂದೂ ಹೇಳಿರಲಿಲ್ಲ. ಕತೆಯ ನಗುವ ಭಾಗ ಅದಲ್ಲವಲ್ಲ.

"ಹೌದವ್ವ. ಖಣಾ ಕಟ್ಟಿದ್ದ. ಹಳದಿ ಖಣಾ. ಆ ಬಾಜೂಕಿನಾಕಿನ ಅದನ್ನ ತಂದು ಕೊಟ್ಳು. ಅದರ ಕುಬಸಾ ಹೊಲಿಸಿಕೊಂಡು ಹರಿಯೂ ತನಕಾ ತೊಟ್ಟೇನಿ ನಾ. ನಿಮಗ ಹ್ಯಾಂಗ ಗೊತ್ತು?"

ಅಕ್ಕೋರು ಸಾವಕಾರ್ರ ಕಡೆ ನೋಡಿದರು. ಅವರು ಕಾಗದ ಬಿಚ್ಚಿದರು. "ಹಳದಿ ಖಣ" ಎಂದಿತ್ತು.

ಆ ಚಕ್ಕಡಿಯವನು ಅಕ್ಕೋರ ತಂದೆ. ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುವ ಮನೆ. ಕಮತಗಿಗೆ ಕೊಟ್ಟ ತಂಗಿ ಬಾಣಂತನಕ್ಕೆ ತವರಿಗೆ ಬಂದು, ಮಗುವನ್ನು ಕೊಟ್ಟು ತೀರಿಕೊಂಡಳು. ಮಗುವನ್ನು ಅದರ ತಂದೆ ಕಮತಗಿಗೆ ಕರೆದೊಯ್ದ. ತಂಗಿಯಿಲ್ಲದಿದ್ದರೂ ತಂಗಿಯ ಮಗಳನ್ನು ಪಂಚಮಿಗೆ ಕರೆತರುತ್ತೇನೆಂದು ಅಣ್ಣ ಹೋದ. ಮನೆಗೆ ಕೀಲಿ. ಎಲ್ಲಿಗೆ ಹೋದರೆಂದು ಆಗ ಓಣಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಒಬ್ಬ ಸೊಲ್ಲಾಪುರ ಎಂದ, ಇನ್ನೊಬ್ಬ ಮುಂಬಯಿ ಎಂದ. ತಾನೇ ನೇಯ್ದ ಖಣವನ್ನು ಕೀಲಿಗೆ ಕಟ್ಟಿ ಬಂದ. ಸಾಯುವವರೆಗೂ ಪ್ರತಿ ಪಂಚಮಿಗೆ ಆ ಮಾತು ಎತ್ತುತ್ತಿದ್ದನಂತೆ.

ಅಕ್ಕೋರು ಬಳಗದಲ್ಲಿ ಅಷ್ಟು ವರ್ಷದಿಂದ ಹುಡುಕುತ್ತಿದ್ದದ್ದು ಆ ಮಗುವನ್ನು. ಹೆಸರಿನಿಂದ ಸಿಗುವಂತಿರಲಿಲ್ಲ, ತೊಟ್ಟಿಲಲ್ಲಿ ಇಟ್ಟ ಹೆಸರು ಒಂದು, ಕಮತಗಿಯಲ್ಲಿ ಕರೆದದ್ದು ಇನ್ನೊಂದು; ಮಗುವಿನ ತಂದೆಯನ್ನು ಅವರ ಮನೆಯಲ್ಲಿ ಕಮತಗಿಯವ ಎಂದಷ್ಟೇ ಕರೆಯುತ್ತಿದ್ದರು. ಆದ್ದರಿಂದ ಗುಳೇದಗುಡ್ಡದಲ್ಲಿ ಹುಟ್ಟಿ ಕಮತಗಿಗೆ ಹೋದ ಹೆಣ್ಣು ಎಂದು ಎಲ್ಲರ ಹಾಳೆಯಲ್ಲೂ ನೋಡುತ್ತಿದ್ದರು. ನನ್ನ ಹಾಳೆ ಅವರ ಕೈಗೇ ಬಂದಿತ್ತು. ಅದರಲ್ಲಿ ನೀಲಿ ಶಾಯಿಯಲ್ಲಿ "ಹುಟ್ಟಿದ್ದು: ಕಮತಗಿ" ಎಂದಿದ್ದರಿಂದ ಮರಳಿ ಕೊಟ್ಟಿದ್ದರು. ಆರು ತಿಂಗಳಿಂದ ಒಂದೇ ಜಮಖಾನೆಯ ಮೇಲೆ ಕುಳಿತು ಒಂದೇ ತಟ್ಟೆಯ ಮಿರ್ಚಿ ತಿಂದಿದ್ದೆವು. ನಾನು ಅವರ ಮನೆಯನ್ನು ಹುಡುಕುತ್ತಿದ್ದೆ, ಅವರು ನನ್ನ ಆಯಿಯನ್ನು ಹುಡುಕುತ್ತಿದ್ದರು.

ಇಷ್ಟಾದರೂ ಅಕ್ಕೋರು ಒಪ್ಪಲು ತಯಾರಿರಲಿಲ್ಲ. ನಿಯಮ ಎಂದರೆ ನಿಯಮ. ನೀಲಿಗೆ ಇನ್ನೊಬ್ಬ ಸಾಕ್ಷಿ ಬೇಕು ಎಂದರು. ಕಣ್ಣು ಒರೆಸಿಕೊಳ್ಳುತ್ತಲೇ ಹೇಳಿದರು. ಗುಳೇದಗುಡ್ಡದಲ್ಲಿರುವ ತಮ್ಮ ಅಣ್ಣನಿಗೆ ಫೋನ್ ಹಚ್ಚಿ, ಏನಾಯಿತೆಂದು ಹೇಳದೆ, ಎಲ್ಲರಿಗೂ ಕೇಳುವಂತೆ ನೆಲದ ಮೇಲಿಟ್ಟರು. ಅಪ್ಪನ ಜೊತೆ ಚಕ್ಕಡಿಯಲ್ಲಿ ಕಮತಗಿಗೆ ಹೋಗಿದ್ದೆಯಲ್ಲ, ಆ ಮನೆಯದು ಏನು ನೆನಪಿದೆ ಎಂದು ಕೇಳಿದರು. ಆಚೆ ಕಡೆ ಮಗ್ಗದ ಸದ್ದು ನಿಂತಿತು. ಆಗ ತನಗೆ ಐದಾರು ವರ್ಷ, ಏನು ನೆನಪಿರುತ್ತದೆ ಎಂದು ಅಣ್ಣ ಗೊಣಗಿದರು. ಆಮೇಲೆ ಹೇಳಿದರು:

"ಕಟ್ಟಿ ಮ್ಯಾಲ ಒಂದು ಒಳಕಲ್ಲು ಹುಗದಿದ್ರು. ಅದರಾಗ ಕುಂತು ಮೂರು ಉಂಡಿ ತಿಂದೇನಿ. ಎಬ್ಬಸಾಕ ಹ್ವಾದ್ರ ಕುಂಡಿ ಸಿಕ್ಕೊಂಡಿತ್ತು. ಯಾಕ ಕೇಳ್ತಿ ಈಗ?"

ಎಲ್ಲರೂ ನಗುತ್ತಿದ್ದರು. ನಾನು ಮಾರ್ಚ್ ತಿಂಗಳ ಫೋಟೋ ಹುಡುಕಿ ಅಕ್ಕೋರ ಕೈಗೆ ಕೊಟ್ಟೆ. ಕಟ್ಟೆ, ಒಳಕಲ್ಲು, ನೀರು ಕುಡಿಯುವ ಒಂದು ಕೋಳಿ. ಅವರು ನೋಡಿದರು, ನನ್ನ ಜೇಬಿನಿಂದ ತಾವೇ ನೀಲಿ ಪೆನ್ನು ಎಳೆದುಕೊಂಡು, ಆಯಿಯ ಬೆರಳು ಫೆಬ್ರವರಿಯಲ್ಲಿ ನಿಂತಿದ್ದ ಖಾಲಿ ಜಾಗದಲ್ಲಿ ಒಂದು ವೃತ್ತ ಬರೆದರು. ಅದರೊಳಗೆ ತಮ್ಮ ಸೋದರತ್ತೆಯ ಹೆಸರು. ಎಪ್ಪತ್ತೈದು ದಾಟಿದ ಆಯಿ ತನ್ನ ತಾಯಿಯ ಹೆಸರನ್ನು ಮೊದಲ ಸಲ ಕೇಳಿದ್ದು ಆವತ್ತು, ಮಧ್ಯಾಹ್ನ ಹನ್ನೆರಡಕ್ಕೆ. ಎರಡು ಸಲ ಹೇಳಿಸಿಕೊಂಡಳು. ಆಮೇಲೆ ತಾನೇ ಒಂದು ಸಲ ಹೇಳಿದಳು.

"ನಡೀರಿ ವೈನಿ, ಊಟಾ ಮಾಡೂಣು" ಎಂದು ಅಕ್ಕೋರು ಆಯಿಯ ಕೈ ಹಿಡಿದರು. ಸೋದರತ್ತೆಯ ಮಗಳನ್ನು ಹಾಗೆಯೇ ಕರೆಯುವುದು.

ಆಗಸ್ಟ್ ತಿಂಗಳು. ಪಂಚಮಿಗೆ ಎರಡು ದಿನ ಮೊದಲು, ಬುಧವಾರ. ಲ್ಯಾಬಿಗೆ ರಜೆ ಹಾಕಿ ಮನೆಯಲ್ಲಿದ್ದೆ. ಬೆಳಿಗ್ಗೆ ಅಕ್ಕೋರ ಅಣ್ಣನ ಫೋನ್ ಬಂತು. ಕರೆಯಲು ಹೊರಟಿದ್ದೇನೆ, ಈ ಸಲವಾದರೂ ಮನೆಗೆ ಕೀಲಿ ಹಾಕಿಕೊಂಡು ಹೋಗಬೇಡಿರಿ ಎಂದರು. ಆಯಿ ಮುಂಬಾಗಿಲಿನ ಎರಡೂ ಕದ ತೆಗೆಸಿದಳು. ಹಿತ್ತಲ ಬಾಗಿಲನ್ನೂ ತೆಗೆಸಿದಳು. ಹಿಂದಿನಿಂದ ಎರಡು ನಾಯಿ ಬಂದು ಅಡುಗೆಮನೆ ನೋಡಿಕೊಂಡು ಹೋದರೂ ಮುಚ್ಚಲು ಬಿಡಲಿಲ್ಲ.

ಹನ್ನೊಂದಕ್ಕೆ ಕಾರು ನಿಂತಿತು. ಬಿಳಿ ಧೋತರ, ಟೋಪಿ, ಕಂಕುಳಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ಆಯಿಗಿಂತ ಎರಡು ಮೂರು ವರ್ಷ ಹಿರಿಯರು. ಇಬ್ಬರೂ ಹೊಸ್ತಿಲ ಆಚೆ ಈಚೆ ನಿಂತು ಒಬ್ಬರನ್ನೊಬ್ಬರು ನೋಡಿದರು. ಏನು ಮಾತಾಡುತ್ತಾರೋ ಎಂದು ನಾವೆಲ್ಲ ಬಾಗಿಲಿಗೆ ಬಂದು ನಿಂತೆವು. ಸೋದರಮಾವನ ಮಗ ಎಂದರೆ ನಮ್ಮಲ್ಲಿ ಮದುವೆಯಾಗುವ ವರಸೆ. ಅವರು ಅಲ್ಲಿಂದಲೇ ಶುರು ಮಾಡಿದರು.

"ಆವತ್ತ ಕೀಲಿ ಇರಲಿಲ್ಲಂದ್ರ ನೀ ನಮ್ಮ ಮನಿ ಸೊಸಿ ಆಗಿರ್ತಿದ್ದಿ."

"ಪುಣ್ಯಾ ಬರ್ಲಿ ಆ ಕೀಲಿಗೆ" ಎಂದಳು ಆಯಿ. ಡಬ್ಬಿ ಮಾತ್ರ ಕೈಯಿಂದ ಕಸಿದುಕೊಂಡಳು.

ಗುಳೇದಗುಡ್ಡದ ಆ ಮನೆಯ ಕಟ್ಟೆ ಮೊಣಕಾಲೆತ್ತರ, ಕೆಂಪು ಕಲ್ಲಿನದು. ಒಳಗೆ ಬನ್ನಿ ಎಂದು ಎಲ್ಲರೂ ಕರೆದರೂ ಆಯಿ ಮೊದಲು ಕಟ್ಟೆಯ ಮೇಲೆ ಕುಳಿತಳು. ಅಕ್ಕೋರ ಅತ್ತಿಗೆ ತಂಬಿಗೆಯಲ್ಲಿ ನೀರು ತಂದರು. ಆಯಿ ನಡುವೆ ನಿಲ್ಲಿಸದೆ ಕುಡಿದಳು. ನಾನು ಫೋಟೋ ತೆಗೆಯಬೇಕೆಂದು ಫೋನ್ ಎತ್ತಿದವಳು ಇಳಿಸಿದೆ. ಒಳಗೆ ಪಡಸಾಲೆಯಲ್ಲಿ ಆಯಿಯ ಸೋದರಮಾವ ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ ಕುಣಿ ಮಗ್ಗ ಈಗಲೂ ನಡೆಯುತ್ತಿದೆ. ಅದರ ಹಿಂದಿನ ಕೋಣೆಯನ್ನು ಅಕ್ಕೋರು ತೋರಿಸಿದರು. ಈ ಮನೆಯ ಬಾಣಂತಿಯರದೆಲ್ಲ ಅದೇ ಕೋಣೆ. ಆಯಿ ಅದರ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು, ಗೋಡೆಯನ್ನು ಅಂಗೈಯಿಂದ ಸವರಿ ಬಂದಳು.

ಮೂರು ದಿನ ಅಲ್ಲಿಯೇ ಇದ್ದೆವು. ರೊಟ್ಟಿ ಹಬ್ಬದ ದಿನ ಸಜ್ಜೆ ರೊಟ್ಟಿ, ಬಗೆಬಗೆಯ ಪಲ್ಯ. ಮರುದಿನ ಹಾಲು ಎರೆಯುವುದು. ಜೋಕಾಲಿ ಕಟ್ಟಿದ್ದರು. ಆಯಿ ತಾನೂ ಕೂರುತ್ತೇನೆಂದು ಹಟ ಹಿಡಿದಳು. ಅಕ್ಕೋರು ಒಂದು ಕಡೆ, ನಾನು ಒಂದು ಕಡೆ ಹಗ್ಗ ಹಿಡಿದು ಮೆಲ್ಲಗೆ ತೂಗಿದೆವು. ಜೀಕು ಸಾಲದು ಎಂದು ಬೈಸಿಕೊಂಡೆವು.

ಹೊರಡುವ ದಿನ ಅಕ್ಕೋರ ಅತ್ತಿಗೆ ಮಣೆ ಹಾಕಿ ಆಯಿಯನ್ನು ಕರೆದರು. ಅಜ್ಜ ತೀರಿಕೊಂಡ ಮೇಲೆ ಆಯಿಗೆ ಯಾರೂ ಉಡಿ ತುಂಬಿರಲಿಲ್ಲ. ಆಯಿ ಹಿಂದೆ ಸರಿದು, ತನಗೆ ಈಗ ನಡೆಯುತ್ತದೆಯೇ ಎಂದು ಮೆಲ್ಲಗೆ ಕೇಳಿದಳು.

"ಮನಿ ಮಗಳ್ನ ಖಾಲಿ ಉಡೀಲೆ ಕಳಸೂದು ನಮ್ಮಲ್ಲಿಲ್ಲ. ಕುಂದರ್ರಿ."

ಕುಳಿತಳು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ, ಅಡಿಕೆ, ಎಲ್ಲದರ ಮೇಲೆ ಆ ಮಗ್ಗದಲ್ಲಿಯೇ ನೇಯ್ದ ಒಂದು ಖಣ. ಹಳದಿಯದು. ಆಯಿ ಸೆರಗನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡು ಎದ್ದಳು. ಇಳಕಲ್ಲಿನ ಮನೆ ಮುಟ್ಟುವವರೆಗೆ ಕಾರಿನಲ್ಲಿ ಆ ಗಂಟನ್ನು ಮಡಿಲಿನಿಂದ ಕೆಳಗಿಡಲಿಲ್ಲ. ಕಮತಗಿ ದಾಟುವಾಗ ಕಿಟಕಿಯ ಕಡೆ ತಿರುಗಿ, ಅಲ್ಲಿ ನಮ್ಮದು ಏನೂ ಉಳಿದಿಲ್ಲ, ಒಂದು ಒಳಕಲ್ಲು ಬಿಟ್ಟು ಎಂದು ಹೇಳಿ ತಾನೇ ನಕ್ಕಳು.

ಈಗ ನನ್ನ ಹಾಳೆಯ ಲೆಕ್ಕ: ಒಟ್ಟು ನೂರ ಹದಿನೆಂಟು ಹೆಸರು. ಹೆಂಗಸರು ಐವತ್ತಾರು. ತವರೂರು ತಿಳಿದವರು ನಲವತ್ತೊಂಬತ್ತು. ಉಳಿದ ಏಳು ಮಂದಿಯ ಚೊಚ್ಚಲ ಮಕ್ಕಳು ಎಲ್ಲಿ ಹುಟ್ಟಿದರೆಂದು ಮೊದಲು ಕೇಳುತ್ತಿದ್ದೇನೆ.

ಒಂದು ವಿಷಯ ಮಾತ್ರ ಇನ್ನೂ ಪೆನ್ಸಿಲ್‌ನಲ್ಲಿದೆ. ಆವತ್ತು ಕಮತಗಿಯಲ್ಲಿ ಹಂಚಿದ್ದು ಶೇಂಗಾ ಉಂಡಿ ಎನ್ನುತ್ತಾರೆ ಅಕ್ಕೋರ ಅಣ್ಣ. ಎಳ್ಳುಂಡಿ ಎಂದು ತಮ್ಮ ತಾಯಿ ಹೇಳುತ್ತಿದ್ದರೆನ್ನುತ್ತಾರೆ ಅಕ್ಕೋರು. ಅಣ್ಣನ ಹೆಂಡತಿಯ ಪ್ರಕಾರ ಅವರ ಗಂಡ ತಿಂದ ಉಂಡಿಯೆಲ್ಲ ಶೇಂಗಾ ಉಂಡಿಯೇ, ಆ ಸಾಕ್ಷಿ ನಡೆಯದು. ಹಬ್ಬದ ಮೂರು ದಿನವೂ ಈ ಜಗಳ ಮುಗಿಯಲಿಲ್ಲ. ಆದ್ದರಿಂದ ಕಮತಗಿಯಲ್ಲಿ ಚಿಕ್ಕಂದಿನಲ್ಲಿ ಒಂದು ಪಂಚಮಿಯಂದು, ಕೀಲಿ ಹಾಕಿದ ಮನೆಯ ಕಟ್ಟೆಯ ಮೇಲೆ ಕುಳಿತು, ಚಕ್ಕಡಿಯಲ್ಲಿ ಬಂದ ಅಪರಿಚಿತನ ಕೈಯಿಂದ ಉಂಡಿ ತಿಂದವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ತಿಂದವರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ನಮ್ಮ ಬಳಗಕ್ಕೆ ನಾಲ್ಕು ಸಾಲು ಬರೆದು ಕಳಿಸಿ. ಯಾವ ಉಂಡಿ, ಎಷ್ಟು ಜನ ಇದ್ದಿರಿ, ಕೊಟ್ಟವನು ಏನಾದರೂ ಹೇಳಿದನೇ. ನೀಲಿ ಶಾಯಿಗೆ ಇಬ್ಬರು ಬೇಕು.